ಮಾಮಾನ ಕೂಲಂಟ್ ವಿಚಾರಣೆ

ನಮ್ಮ ಮಾಮಾ ಚಿತ್ತಾಪುರದ ಕೋರ್ಟಿನ ಗುಮಾಸ್ತಿಕೆಯಿಂದ ನಿವೃತ್ತರಾಗಿದ್ದಾರೆ ಎಂದು ಸರಕಾರ ನಂಬಿಕೊಂಡಿದೆ. ಪಾಪ ಸರಕಾರ! ನೀವು ಅವರಿಗೆ ಒಂದು ಕಪ್ ಚಹಾ ಕೊಟ್ಟು ನೋಡಿ. "ಹಾಲು ಯಾರ ಮನೀದು? ಯಾವಾಗ ಕಾಸಿದ್ರಿ? ಕಾಸಿದ್ದು ನೋಡಿದವರು ಯಾರರ ಅದಾರೇನು?" ಎಂದು ಪಾಟೀಸವಾಲು ಮುಗಿಸುವಷ್ಟರಲ್ಲಿ ಚಹಾ ಆರಿ, ಕೆನೆ ಕಟ್ಟಿ, ಸಾಕ್ಷಿ ಹೇಳಲು ಒಂದು ನೊಣವೂ ಬಂದು ಕೂತಿರುತ್ತದೆ.

ಇಂಥವರ ಕೈಗೆ ಇಪ್ಪತ್ತೈದು ವರ್ಷದ ಒಂದು ಬಿಳಿ ಕಾರು, ಜೊತೆಗೆ "ಇಂಜಿನ್ ತಣ್ಣಗಿರಲು ಇದಕ್ಕೆ ಯಾವ ಕೂಲಂಟ್ ಹಾಕಬೇಕು?" ಎಂಬ ಪ್ರಶ್ನೆ ಸಿಕ್ಕರೆ ಏನಾದೀತು ಹೇಳಿ!

ಪ್ರಶ್ನೆ ಸುಮ್ಮನೆ ಎದ್ದದ್ದಲ್ಲ. ಮಾಮಿಯ ಎರಡೂ ಕಿಡ್ನಿ ಕೈಕೊಟ್ಟು ವರ್ಷವಾಗಿತ್ತು. ಪ್ರತಿ ಮಂಗಳವಾರ, ಶುಕ್ರವಾರ ಕಾಳಗಿಯಿಂದ ಚಿತ್ತಾಪುರದ ಆಸ್ಪತ್ರೆಗೆ ಹೋಗಿ, ನಾಲ್ಕು ತಾಸು ಡಯಾಲಿಸಿಸ್ ಯಂತ್ರದ ಪಕ್ಕ ಮಲಗಬೇಕು. ಬಸ್ಸಿನ ಕುಲುಕಾಟ ಅವರಿಗೆ ಆಗುವುದಿಲ್ಲ, ಕಾರೇ ಗತಿ. ಆ ಕಾರೋ, ಬೇಸಿಗೆ ಹತ್ತಿದ್ದೇ ತಡ, ಅರ್ಧ ದಾರಿಗೆ ಕುದಿಯತೊಡಗಿತು. ಒಂದು ಪಾಳಿ ತಪ್ಪಿದರೂ ಮಾಮಿಯ ಕಾಲು ಬಾತು, ಏದುಸಿರು ಶುರುವಾಗುತ್ತದೆ. ಹಾಗಾಗಿ ಕಾರು ಕುದಿಯುವಂತೆಯೇ ಇಲ್ಲ.

ಇನ್ನು ನಾನು, ಮಾಮಾನ ಅಕ್ಕನ ಮಗ. ಕಾಳಗಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಯಾವ ಮೊಬೈಲನ್ನಾದರೂ ಬಿಚ್ಚುತ್ತೇನೆ. ಮುಚ್ಚಿದ ಮೇಲೆ ಎರಡು ಸ್ಕ್ರೂ ಉಳಿಯುತ್ತವೆ, ಅಷ್ಟೇ. ಇಷ್ಟೇ ಯೋಗ್ಯತೆಯ ಮೇಲೆ ನಾನು ಆ ಕಾರಿನ ತಾಂತ್ರಿಕ ಸಲಹೆಗಾರನಾಗಿ ನೇಮಕಗೊಂಡೆ!

ಮಾಮಿಯನ್ನು ಆಸ್ಪತ್ರೆಯ ಬಾಗಿಲಲ್ಲಿ ನರ್ಸಮ್ಮನ ಕೈಗೊಪ್ಪಿಸಿದ ಮರುಕ್ಷಣವೇ ಮಾಮಾನ ಕಾಲಿಗೆ ಇರುವೆ ಹತ್ತುತ್ತಿದ್ದವು. "ನಡೀಲೇ, ವಾಡಿಗೆ ಹೋಗಿ ಬರೂಣು. ಅಲ್ಲಿ ಮೆಕ್ಯಾನಿಕ್ ಭಾಳ ಶಾಣ್ಯಾ ಅದಾನಂತ."

ವಾಡಿಯ ಮೆಕ್ಯಾನಿಕ್ ಬಾನೆಟ್ ಎತ್ತಿ ಒಂದೇ ಮಾತು ಹೇಳಿದ: "ಹಸರು ಕೂಲಂಟ್ ಹಾಕ್ರಿ ಸರ್."

"ನೀವು ಹಸರು ಹಾಕಿದ ಗಾಡಿ ಈಗ ಎಲ್ಲವ? ಒಂದು ಹಾಜರು ಮಾಡ್ತೀರೇನು?"

"ಹಾಜರು ಮಾಡ್ಲಿಕ್ಕೆ ನಾ ಏನು ಪೊಲೀಸ್ ಏನ್ರೀ?"

ಮುಂದಿನ ಪಾಳಿಗೆ ಶಹಾಬಾದ. ಅಲ್ಲಿಯವನು ಹಸಿರಿನ ಹೆಸರು ಕೇಳಿಯೇ ಕಿವಿ ಮುಚ್ಚಿಕೊಂಡ. "ಕೆಂಪು ಹಾಕ್ರಿ. ಹಸರು ಹಾಕಿದ್ರ ಇಂಜಿನ್ ಖತಂ!" ಅದರ ಮುಂದಿನ ಪಾಳಿಗೆ ಸೇಡಂ. ಅಲ್ಲೊಬ್ಬ ಹಳೇ ಲಾರಿ ಡ್ರೈವರ್ ನಮ್ಮನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಉಮರ್ ಎಲ್ಲಾ ಲಾರಿ ಹೊಡದೀನಿ ಸಾಬ್, ಬರೇ ಬಾವಿ ನೀರು. ಗಾಡಿಗೆ ಶರಬತ್ತು ಯಾಕ ಕುಡಸ್ತೀರಿ?"

"ನಮ್ಮ ಕಡೆ ನೀರು ಕಾಸಿದ ಪಾತ್ರಿ ತಳ ನೋಡೀರೇನು? ಬೆಳ್ಳಗ ಫರಸಿ ಕಲ್ಲು ಹಾಸಿದಂಗ ಇರ್ತದ. ರೇಡಿಯೇಟರದಾಗೂ ಫರಸಿ ಹಾಸಬೇಕೇನು?" ಎಂದು ಮಾಮಾ ಆ ಸಾಕ್ಷಿಯನ್ನು ಅಲ್ಲೇ ವಜಾ ಮಾಡಿದರು.

ಇಷ್ಟಾದರೂ ತೀರ್ಪು ಬರಲಿಲ್ಲ. ಸದ್ಯಕ್ಕೆಂದು ಹಸಿರು ಹಾಕಿಸಿ, ಒಂದು ಕೆಂಪು ಬಾಟಲಿಯನ್ನೂ ತಂದು ಕಿಟಕಿಯಲ್ಲಿಟ್ಟು, ಮಾಮಾ ಅದನ್ನು ಹಗಲೆಲ್ಲ ದಿಟ್ಟಿಸತೊಡಗಿದರು.

"ನನ್ನ ಆರಿಸೂ ಮುಂದ ನಿಮ್ಮ ಮಾಮಾ ಇಷ್ಟು ವಿಚಾರ ಮಾಡಲಿಲ್ಲಪಾ. ಒಮ್ಮೆ ನೋಡಿ ಹೂಂ ಅಂದುಬಿಟ್ರು," ಎಂದರು ಮಾಮಿ.

"ಆವಾಗ ನನಗ ಸಾಕ್ಷಿ ಸಿಗಲಿಲ್ಲ," ಎಂದರು ಮಾಮಾ.

ಇಲ್ಲಿ ನನ್ನ ಪ್ರವೇಶ. ಒಂದು ಮಂಗಳವಾರ ಸಂಜೆ ನೋಡುತ್ತೇನೆ, ಕೂಲಂಟ್ ಕಡಿಮೆಯಾಗಿದೆ. ಮಾಮಾ ಸಂಧ್ಯಾವಂದನೆಗೆ ಕೂತಿದ್ದಾರೆ. ಹಸಿರಿನ ಮೇಲೆ ಒಂದಿಷ್ಟು ಕೆಂಪು ಸುರಿದರೆ ವಾಡಿಯವನಿಗೂ ಸಮಾಧಾನ, ಶಹಾಬಾದದವನಿಗೂ ಸಮಾಧಾನ! ಇಂಥ ರಾಜಿ ಪಂಚಾಯ್ತಿ ಯಾವ ನ್ಯಾಯಾಧೀಶನಿಗೆ ಹೊಳೆದೀತು? ಸುರಿದೇಬಿಟ್ಟೆ.

ಶುಕ್ರವಾರ ಕಾಳಗಿ ದಾಟಿ ಸ್ವಲ್ಪ ದೂರ ಹೋಗಿದ್ದೆವೋ ಇಲ್ಲವೋ, ಇಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ಇಂಜಿನ್ ಆರುವವರೆಗೆ ಕಾದು ಮುಚ್ಚಳ ತೆಗೆದರೆ ಒಳಗೆ ಕೂಲಂಟ್ ಎಲ್ಲಿದೆ? ಹಸಿರು ಕೆಂಪು ಕೂಡಿ ಗಟ್ಟಿ ಜೋಳದ ಅಂಬಲಿ! ಚಮಚ ನೆಟ್ಟರೆ ನಿಲ್ಲುತ್ತಿತ್ತು. ಇದ್ದಬದ್ದ ನೀರು ಸುರಿದು ಹೊರಟೆವು. ಮಾಮಾ ಕಾರಿನ ಹೀಟರನ್ನು ಪೂರ್ತಿ ತಿರುಗಿಸಿದರು. ನಮ್ಮ ಸೀಮೆಯ ಮೇ ತಿಂಗಳಲ್ಲಿ, ಹೀಟರ್!

"ಇಂಜಿನ್ ಬಿಸಿ ಒಳಗ ಎಳಕೋತದ. ಗಾಡಿ ಉಳೀತದ."

"ಮತ್ತ ನಾವು?"

"ನಿನ್ನ ಅಪೀಲು ತಿರಸ್ಕಾರ ಆಗ್ಯದ. ಸುಮ್ಮ ಕುಂದ್ರು."

ಹಿಂದಿನ ಸೀಟಿನಲ್ಲಿ ಮಾಮಿ ಒದ್ದೆ ಟಾವೆಲ್ಲನ್ನು ತುಟಿಗೊತ್ತಿಕೊಂಡು ಕೂತಿದ್ದರು. ನೀರು ಕುಡಿಯೋಣವೆಂದರೆ ಡಾಕ್ಟರು ಅದಕ್ಕೂ ಅಳತೆ ಹಾಕಿದ್ದಾರೆ. ಅಂಥದರಲ್ಲೂ ಅವರ ಬಾಯಿ ಸುಮ್ಮನಿರಬೇಕಲ್ಲ! "ಏನ್ರೀ, ಸುಡೂದು ಆಮ್ಯಾಲ ಇದ್ದೇ ಅದ. ಮೊದಲು ದವಾಖಾನಿಗೆ ನಡೀರಿ."

ಒಂದು ತಾಸು ತಡವಾಗಿ ತಲುಪಿದೆವು. ನರ್ಸಮ್ಮ ಹೇಗೋ ಪಾಳಿ ಹೊಂದಿಸಿದರು. ಮಾಮಾ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೆಟ್ಟಿಲ ಮೇಲೆ ಕೂತು ನನ್ನ ಎರಡೂ ಕೈ ನೋಡಿಕೊಂಡೆ. ಮೊಬೈಲ್ ಕೆಟ್ಟರೆ ಹೊಸದು ಬರುತ್ತದೆ.

ಅಂಬಲಿ ತೊಳೆಸಲು ಶಹಾಬಾದದ ಬೇರೊಬ್ಬ ಮುದುಕ ಮೆಕ್ಯಾನಿಕ್ ಹತ್ತಿರ ಹೋದೆವು. ಅವನು ಹಸಿರು ಎನ್ನಲಿಲ್ಲ, ಕೆಂಪು ಎನ್ನಲಿಲ್ಲ. "ಗಾಡಿ ಸಂಗಟ ಬಂದ ಬುಕ್ಕು ಎಲ್ಲದ ಸರ್?" ಎಂದ.

ಮಾಮಾನ ಮುಖ ನೋಡಬೇಕಿತ್ತು! ಬುಕ್ಕು ಎಲ್ಲಿದೆ? ದೇವರ ಮನೆಯಲ್ಲಿದೆ! ಕಾರು ಕೊಂಡ ವರ್ಷ ಆಯುಧಪೂಜೆಯ ದಿನ ಅದನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ಪೋಥಿ-ಪುರಾಣಗಳ ಸಾಲಿನಲ್ಲಿ ಇಟ್ಟದ್ದು. ಗುಡಿಯ ಅರ್ಚಕರ ಮನೆತನ ಮಾಮಾನದು, ಪುಸ್ತಕ ಕಂಡರೆ ಕೈ ತಾನಾಗಿ ಅಕ್ಷತೆಗೆ ಹೋಗುತ್ತದೆ. ವರ್ಷ ವರ್ಷ ಕುಂಕುಮ, ಹೂವು, ನಮಸ್ಕಾರ. ಇಪ್ಪತ್ತೈದು ವರ್ಷದಲ್ಲಿ ಒಬ್ಬರಾದರೂ ತೆರೆದು ಓದಿದ್ದರೆ ಕೇಳಿ!

ಮಾಮಾ ಸ್ನಾನ ಮಾಡಿ, ಮಡಿಯುಟ್ಟು, ತೆರೆದರು. ಎಂಥ ಕೂಲಂಟ್, ಅದರಲ್ಲಿ ಏನಿರಬೇಕು, ಅರ್ಧಕ್ಕೆ ಅರ್ಧ ಡಿಸ್ಟಿಲ್ಡ್ ನೀರು, ಎಲ್ಲ ಸ್ಪಷ್ಟವಾಗಿತ್ತು. ಬಣ್ಣದ ಬಗ್ಗೆ ಮಾತ್ರ ಒಂದಕ್ಷರವೂ ಇರಲಿಲ್ಲ. "ಬಣ್ಣ ಕಂಪನಿಯವರು ತಮಗ ಬೇಕಾದ್ದು ಹಾಕ್ತಾರ ಸರ್. ಡಬ್ಬಿ ಹಿಂದ ಬರದಿದ್ದು ಬುಕ್ಕಿಗೆ ಕೂಡಸಿ ನೋಡ್ರಿ," ಎಂದ ಮುದುಕ, ಬುಕ್ಕು ಒಯ್ದು ತೋರಿಸಿದಾಗ. ನೋಡಿದೆವು, ತಂದೆವು, ಹಾಕಿಸಿದೆವು. ಮಂಗಳವಾರ ಮುಳ್ಳು ಅರ್ಧಕ್ಕೆ ನಿಂತದ್ದು ಚಿತ್ತಾಪುರದವರೆಗೂ ಅಲ್ಲಾಡಲಿಲ್ಲ.

ಮಾಮಿ ಒಳಗೆ ಹೋದರು. ಮಾಮಾ ನನ್ನ ಕಡೆ ತಿರುಗಿ "ನಡೀಲೇ" ಎಂದವರು ಅಲ್ಲಿಗೇ ನಿಂತರು. ಎಲ್ಲಿಗೆ? ಕೇಳುವುದೇನೂ ಉಳಿದಿರಲಿಲ್ಲ. ಬಾನೆಟ್ ಎತ್ತಿದರು, ಇಳಿಸಿದರು. ನಾಲ್ಕೂ ಗಾಲಿ ಒದ್ದು ನೋಡಿದರು. ಸ್ಟೆಪ್ನಿಯನ್ನೂ ಹೊರತೆಗೆದು ಒದ್ದರು. ಆಗ ನನಗೆ ಹೊಳೆಯಿತು: ಈ ಒಂದು ವರ್ಷದಲ್ಲಿ ಮಾಮಾ ಒಮ್ಮೆಯೂ ಆ ಡಯಾಲಿಸಿಸ್ ಕೋಣೆಯೊಳಗೆ ಕಾಲಿಟ್ಟಿರಲಿಲ್ಲ.

ಮಾಮಾ ತಾವೇ ಚಪ್ಪಲಿ ಬಿಟ್ಟು ಒಳಗೆ ನಡೆದರು. ನಾನು ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ.

"ನೀವ್ಯಾರ್ರೀ?" ಎಂದರು ಕೋಣೆಯೊಳಗಿದ್ದ ಬೇರೊಬ್ಬ ನರ್ಸಮ್ಮ. ಮಾಮಾ ಮಾಮಿಯ ಕಡೆ ಬೆರಳು ತೋರಿಸಿದರು.

"ನಮ್ಮ ಮನಿಯವ್ರವ್ವಾ," ಎಂದರು ಮಾಮಿ ಮಲಗಿದಲ್ಲಿಂದಲೇ. "ಮಷಿನ್ ನೋಡ್ಲಿಕ್ಕೆ ಅಂಜತಾರ. ಬರ್ರಿ, ಕುಂದ್ರಿ."

ಮಾಮಾ ಸ್ಟೂಲಿನ ತುದಿಗೆ ಕೂತರು. ನಳಿಗೆಯಲ್ಲಿ ಕೆಂಪಗೆ ಹೋಗಿ ಬರುತ್ತಿದ್ದುದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸೂಜಿಯಿಲ್ಲದ ಕೈ ಹಿಡಿದುಕೊಂಡು ಕೇಳಿದರು:

"ನೋಯ್ಲಿಕತ್ತದೇನು?"

"ಈಗಿಲ್ಲ," ಎಂದರು ಮಾಮಿ.