ಕಾಣೆಯಾದ ನಾಲ್ಕು ಇಂಚು

ಹನ್ನೊಂದು ವರ್ಷದ ಹಿಂದಿನ ನನ್ನ ದಿನಚರಿಯಲ್ಲಿ, ಜೂನ್ ಒಂಬತ್ತು, ಮಂಗಳವಾರದ ಪುಟದಲ್ಲಿ ಹೀಗಿದೆ: "ಬೆಳಿಗ್ಗೆ ಹತ್ತೂಕಾಲಿಗೆ ಅಂಗಡಿಯ ಅಗಲ ಅಳೆದೆ. ಒಂಬತ್ತು ಅಡಿ ಆರು ಇಂಚು. ಪರವಾನಗಿ ನವೀಕರಣದ ಅರ್ಜಿಯಲ್ಲಿ ತುಂಬಿ, ಸಹಿ ಮಾಡಿ, ಕಚೇರಿಗೆ ಕೊಟ್ಟು ಬಂದೆ. ಅಕ್ಷರ ಬಹಳ ಚೆನ್ನಾಗಿದೆ ಎಂದು ಗುಮಾಸ್ತರು ಹೇಳಿದರು."

ಇದರಲ್ಲಿ ಅಕ್ಷರದ ವಿಷಯ ನಿಜ. ಅಗಲದ ವಿಷಯ ನಿಜವಲ್ಲ.

ನಮ್ಮದು ಬಟ್ಟೆ ಹೊಲಿಯುವ ಅಂಗಡಿ. ಹೊಲಿಯುವವಳು ನನ್ನ ಸೊಸೆ. ಅಳೆಯುವುದು, ಕತ್ತರಿಸುವುದು, ಬರೆದಿಡುವುದು ನನ್ನ ಕೆಲಸ. ನಾನು ಗಣಿತದಲ್ಲಿ ಪದವಿ ಪಡೆದವಳು. ಈ ಸಂಗತಿ ಅಂಗಡಿಗೆ ಬರುವ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರಿಗೆ ಅಳತೆ ಕೊಡುವಷ್ಟರಲ್ಲಿ ಗೊತ್ತಾಗುತ್ತದೆ. ಬೇರೆ ಅಂಗಡಿಗಳಲ್ಲಿ ಮೈಯ ಅಳತೆಯನ್ನು ಇದ್ದ ಹಾಗೆಯೇ ಬರೆದುಕೊಂಡು, ಲೂಸ್ ಎಷ್ಟು ಬಿಡಬೇಕೆಂದು ಕತ್ತರಿಸುವಾಗ ಯೋಚಿಸುತ್ತಾರೆ. ನನ್ನ ಪದ್ಧತಿ ಬೇರೆ. ಎದೆಯ ಸುತ್ತ ಟೇಪು ಹಿಡಿದ ಕ್ಷಣವೇ ಮನಸ್ಸಿನಲ್ಲಿ ನಾಲ್ಕು ಇಂಚು ಕೂಡಿಸಿ ಪುಸ್ತಕದಲ್ಲಿ ಬರೆದುಬಿಡುತ್ತೇನೆ. ಇಪ್ಪತ್ತು ವರ್ಷ ಹೀಗೆ ಕೂಡಿಸಿದ ಕೈ ಜೂನ್ ಒಂಬತ್ತರಂದು ಗೋಡೆಯಿಂದ ಗೋಡೆಗೆ ಟೇಪು ಹಿಡಿಯಿತು. ಒಂಬತ್ತು ಅಡಿ ಎರಡು ಇಂಚು ಬಂತು. ಅಂಗಡಿಗೂ ಉಸಿರಾಡಲು ನಾಲ್ಕು ಇಂಚು ಲೂಸ್ ಬಿಟ್ಟು ಬರೆಯಿತು.

ಪರವಾನಗಿ ಆ ಸಲ ಬೇಗ ಬೇಕಾಗಿತ್ತು. ಒಂದು ಆಸ್ಪತ್ರೆಯ ಕಿಟಕಿಗಳಿಗೆ ನಲವತ್ತೆರಡು ಪರದೆ ಹೊಲಿಯುವ ಕೆಲಸವನ್ನು ಸೊಸೆ ನಾಲ್ಕು ವರ್ಷ ಓಡಾಡಿ ಗಿಟ್ಟಿಸಿದ್ದಳು. ಆಗಸ್ಟ್ ಹದಿನೈದರೊಳಗೆ ಹೊಸ ಪರವಾನಗಿಯ ಪ್ರತಿ ಕೊಡದಿದ್ದರೆ ಆ ಕೆಲಸ ಇನ್ನೊಬ್ಬರಿಗೆ ಹೋಗುತ್ತಿತ್ತು.

ಜೂನ್ ಇಪ್ಪತ್ತೆರಡಕ್ಕೆ ತಪಾಸಣೆಯವರು ಬಂದರು. ಬಹಳ ವಿನಯದ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟು ಬಂದು ಮೂರು ಸಲ ಅಳೆದರು.

"ಅಮ್ಮಾ, ಎರಡೇ ಇಂಚು ಇದೆ. ನೀವು ಆರು ಅಂತ ಬರೆದಿದ್ದೀರಿ."

"ಸರಿಯಾಗಿ ಹಿಡೀರಿ," ಎಂದೆ.

ನಾಲ್ಕನೆಯ ಸಲ ಅಳೆದರು. "ನಾಲ್ಕು ಇಂಚು ಎಲ್ಲಿ ಹೋಯ್ತಮ್ಮಾ?"

ಎಲ್ಲಿ ಹೋಯಿತೆಂದು ನನಗೆ ಆ ನಿಮಿಷವೇ ಹೊಳೆಯಿತು. ಯಂತ್ರ ತುಳಿಯುತ್ತಿದ್ದ ಸೊಸೆಗೆ ನನಗಿಂತ ಮೊದಲೇ ಹೊಳೆದಿತ್ತು. ಯಂತ್ರ ನಿಂತದ್ದರಿಂದ ತಿಳಿಯಿತು.

"ಅತ್ತೆ, ಲೂಸ್ ಸೇರಿಸಿಬಿಟ್ರಾ?" ಎಂದು ಮೆಲ್ಲಗೆ ಕೇಳಿದಳು.

"ನೀನು ಹೊಲಿ," ಎಂದೆ.

ತಪಾಸಣೆಯವರು ಹೋಗುವಾಗ ದಾರಿಯನ್ನೂ ತೋರಿಸಿಕೊಟ್ಟರು. "ಅಳತೆ ತಪ್ಪಾಗಿ ಬರೆದಿದ್ದೇನೆ ಅಂತ ಒಂದು ಸಾಲು ಬರೆದು ಸಹಿ ಹಾಕಿ ಕೊಡಿ. ಒಂದು ವಾರದಲ್ಲಿ ಪರವಾನಗಿ ಬರುತ್ತೆ."

ಅವರು ಹೋದ ಮೇಲೆ ಸೊಸೆ ಬಿಳಿ ಹಾಳೆ ತಂದು ನನ್ನ ಮುಂದಿಟ್ಟಳು. ಪೆನ್ನಿನ ಮುಚ್ಚಳ ತೆಗೆದೂ ಕೊಟ್ಟಳು.

"ಒಂದೇ ಸಾಲು, ಅತ್ತೆ."

"ಗಣಿತ ಓದಿದವಳು ಅಳತೆ ತಪ್ಪಾಯ್ತು ಅಂತ ಸರ್ಕಾರಕ್ಕೆ ಬರೆದುಕೊಡಬೇಕಾ? ಆ ಕಾಗದ ಫೈಲಲ್ಲಿ ಶಾಶ್ವತವಾಗಿ ಇರುತ್ತೆ."

"ನಾನು ಬರೀತೀನಿ, ನೀವು ಸಹಿ ಹಾಕಿ."

"ಸಹಿ ನನ್ನದೇ ಅಲ್ವಾ?"

ಅವಳು ಪೆನ್ನಿನ ಮುಚ್ಚಳ ಹಾಕಿ ಯಂತ್ರದ ಹತ್ತಿರ ಹೋದಳು. ಹಾಳೆಯನ್ನು ಮಾತ್ರ ತೆಗೆಯಲಿಲ್ಲ. ಅದರ ಮೇಲೆಯೇ ನಾನು ಒಂದು ಸಾಲಿನ ಬದಲು ಎರಡು ಪುಟದ ಪತ್ರ ಬರೆದೆ. ಅರ್ಜಿಯಲ್ಲಿರುವ ಅಳತೆ ಪ್ರಾಮಾಣಿಕವಾದದ್ದು. ಬಟ್ಟೆ ನೀರಿಗೆ ಬಿದ್ದರೆ ಕುಗ್ಗುವುದನ್ನು ನಾವು ದಿನವೂ ನೋಡುತ್ತೇವೆ. ಪ್ರತಿ ವರ್ಷ ಸುಣ್ಣ ಬಳಿಸಿಕೊಳ್ಳುವ ಗೋಡೆಗಳ ನಡುವಿನ ಜಾಗವೂ ಕಾಲಕ್ರಮದಲ್ಲಿ ಕುಗ್ಗಿರಬಹುದು. ಕಚೇರಿಯವರು ಈ ದಿಕ್ಕಿನಲ್ಲಿ ಪರಿಶೀಲಿಸುವುದು ಒಳ್ಳೆಯದು ಎಂದು ಸೂಚಿಸಿದೆ. ಇಷ್ಟು ಬರೆದರೆ ಕಚೇರಿಯವರು ನಕ್ಕು ಪರವಾನಗಿ ಕೊಟ್ಟುಬಿಡುತ್ತಾರೆಂದು ನನ್ನ ಎಣಿಕೆ.

ಕಚೇರಿಯಲ್ಲಿ ಯಾರೂ ನಗಲಿಲ್ಲ. ಜುಲೈ ಒಂದಕ್ಕೆ ಈ ಪ್ರಕಟಣೆಯನ್ನು ನಮ್ಮ ಬಾಗಿಲಿಗೆ ಅಂಟಿಸಿ ಹೋದರು:

"ಈ ಮೂಲಕ ಸಂಬಂಧಪಟ್ಟ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ, ಸದರಿ ಹೊಲಿಗೆ ಅಂಗಡಿಗೆ ಸೇರಿದ ನಾಲ್ಕು ಇಂಚು ಅಗಲದ ಸ್ಥಳವು ಕಾಣೆಯಾಗಿರುತ್ತದೆ. ಸದರಿ ಸ್ಥಳವು ಯಾರ ಬಳಿಯಾದರೂ ಇದ್ದಲ್ಲಿ, ಅಥವಾ ಅದನ್ನು ಕಂಡವರಿದ್ದಲ್ಲಿ, ಹದಿನೈದು ದಿನಗಳೊಳಗಾಗಿ ಕಚೇರಿಗೆ ತಂದು ಒಪ್ಪಿಸತಕ್ಕದ್ದು. ತಪ್ಪಿದಲ್ಲಿ ಸ್ಥಳವನ್ನು ಬಚ್ಚಿಟ್ಟಿರುವುದಾಗಿ ಭಾವಿಸಲಾಗುವುದು."

ನಮ್ಮ ಗೋಡೆಯ ಆಚೆ ಗಡಿಯಾರ ರಿಪೇರಿ ಮಾಡುವವರಿದ್ದಾರೆ. ನನ್ನನ್ನು ಅಕ್ಕ ಎನ್ನುತ್ತಾರೆ. ಪ್ರಕಟಣೆ ಓದಿ, ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆಯದೆಯೇ ಒಳಗೆ ಬಂದರು.

"ಅಕ್ಕಾ, ನನ್ನ ಮೇಲೆ ಅನುಮಾನನಾ?"

"ನಾನ್ಯಾಕೆ ಅನುಮಾನ ಪಡಲಿ?"

"ಗೋಡೆ ಈಚೆ ನೀವು, ಆಚೆ ನಾನು. ಮಧ್ಯೆ ಹೋಗಿದ್ದು ಇನ್ಯಾರ ಹತ್ತಿರ ಇರುತ್ತೆ? ನನ್ನದೇ ಕೂರೋಕೆ ಜಾಗ ಸಾಲದು. ನಿಮ್ಮದು ತಗೊಂಡು ಎಲ್ಲಿಡ್ಲಿ ಹೇಳಿ."

"ತಗೊಂಡಿದ್ರೆ ವಾಪಸ್ ಕೊಟ್ಬಿಡಿ ಅಣ್ಣಾ, ನಮಗೆ ಅರ್ಜೆಂಟಿದೆ," ಎಂದಳು ಸೊಸೆ, ತಲೆಯೆತ್ತದೆ. ಮಾತು ಅವರಿಗೆ, ಬಿದ್ದದ್ದು ನನಗೆ.

ತನಿಖೆ ಕ್ರಮಬದ್ಧವಾಗಿ ನಡೆಯಿತು. ಗಡಿಯಾರದವರ ಅಂಗಡಿಯನ್ನು ಅಳೆದರು. ಅವರ ಅರ್ಜಿಯಲ್ಲಿ ಇದ್ದಷ್ಟೇ ಇತ್ತು. ಇನ್ನೊಂದು ಬದಿಯ ಮೆಟ್ಟಿಲುಗಳನ್ನು ಅಳೆದರು. ಮೆಟ್ಟಿಲುಗಳೂ ನಿರ್ದೋಷಿಗಳು. ಜುಲೈ ಹದಿನಾರಕ್ಕೆ ಇಬ್ಬರು ಕೆಲಸಗಾರರು ಬಂದು, ನನ್ನ ಪತ್ರದ ಎರಡನೆಯ ಪುಟದ ಸೂಚನೆಯಂತೆ, ಗೋಡೆಯ ಸುಣ್ಣವನ್ನು ಇಟ್ಟಿಗೆ ಕಾಣುವ ತನಕ ಕೆರೆದರು. ಹೊಲಿದಿಟ್ಟಿದ್ದ ಬಟ್ಟೆಗಳ ಮೇಲೆಲ್ಲ ಧೂಳು ಕೂತಿತು. ಒಳಗಿನಿಂದ ಹಸಿರು ಬಣ್ಣ, ಅದರ ಹಿಂದೆ ನೀಲಿ, ಅದರ ಹಿಂದೆ ನಮ್ಮ ಅಂಗಡಿಯ ಮೊದಲ ವರ್ಷದ ಕೆನೆ ಬಣ್ಣ ಹೊರಬಂದವು. ಎರಡು ಗೋಡೆಗೂ ಸೇರಿ ಸಿಕ್ಕಿದ್ದು ಅರ್ಧ ಇಂಚು.

"ಅಮ್ಮ ಹೇಳಿದ್ದರಲ್ಲಿ ಸತ್ಯಾಂಶ ಇದೆ," ಎಂದು ತಪಾಸಣೆಯವರು ಗೌರವದಿಂದ ಬರೆದುಕೊಂಡರು. "ಇನ್ನು ಮೂರೂವರೆ."

ಸಂಜೆ ಸೊಸೆ ಧೂಳು ಹೊಡೆಯುತ್ತಾ ಹೇಳಿದಳು: "ಅತ್ತೆ, ಆ ಅರ್ಧ ಇಂಚಾದ್ರೂ ಒಪ್ಕೊಂಡ್ರಲ್ಲ. ಮಿಕ್ಕಿದ್ದಕ್ಕೆ ಈಗಲಾದ್ರೂ ಒಂದು ಸಾಲು ಬರೀರಿ. ಇನ್ನೊಂದು ತಿಂಗಳಿಗೆ ಪರದೆ ಕೆಲಸ ಕೈತಪ್ಪುತ್ತೆ."

ನಾನು ಪೆನ್ನು ಹಿಡಿದದ್ದು ನಿಜ. ಆದರೆ ಅಷ್ಟರಲ್ಲಿ ನನ್ನ ಪತ್ರದ ನಕಲನ್ನು ಕಚೇರಿಯ ಗೋಡೆಗೆ ಹಾಕಿದ್ದಾರೆಂದೂ, ಮಾದರಿ ಪತ್ರ ಎಂದು ಉಳಿದ ಅರ್ಜಿದಾರರಿಗೆ ತೋರಿಸುತ್ತಿದ್ದಾರೆಂದೂ ಗುಮಾಸ್ತರು ಹೇಳಿಕಳಿಸಿದರು. ಅಂಥ ಪತ್ರದ ಪಕ್ಕದಲ್ಲಿ ಈ ಒಂದು ಸಾಲು ಹೇಗೆ ಕಂಡೀತು? ಪೆನ್ನು ಕೆಳಗಿಟ್ಟು, ಕೆರೆದ ಗೋಡೆಗಳಿಗೆ ಹೊಸದಾಗಿ ಸುಣ್ಣ ಬಳಿಸಿದೆ. ಅರ್ಧ ಇಂಚು ಮತ್ತೆ ಹೋಯಿತು. ನಾಲ್ಕು ನಾಲ್ಕಾಗಿಯೇ ಉಳಿಯಿತು.

ಆಗಸ್ಟ್ ಐದಕ್ಕೆ ಅಂತಿಮ ಆದೇಶ ಬಂತು. ಹೆಚ್ಚು ಓದಿದವರ ಆದೇಶ ಎಂದು ಮೊದಲ ಸಾಲಿನಲ್ಲೇ ತಿಳಿಯುತ್ತಿತ್ತು.

"ಅರ್ಜಿಯಲ್ಲಿರುವ ಅಳತೆಯು ವಿದ್ಯಾವಂತರಾದ ಅರ್ಜಿದಾರರದಾಗಿದ್ದು ಅದನ್ನು ಅನುಮಾನಿಸಲು ಕಾರಣಗಳಿಲ್ಲ. ತಪಾಸಣೆಯ ಅಳತೆಯು ಕಚೇರಿಯದೇ ಆಗಿದ್ದು ಅದನ್ನಂತೂ ಅನುಮಾನಿಸತಕ್ಕದ್ದಲ್ಲ. ಆದುದರಿಂದ ಎರಡೂ ಅಳತೆಗಳು ಸರಿಯೆಂದು ತೀರ್ಮಾನಿಸಿ ಪರವಾನಗಿಯನ್ನು ನವೀಕರಿಸಲಾಗಿದೆ. ಷರತ್ತು: ಕಾಣೆಯಾದ ನಾಲ್ಕು ಇಂಚು ಯಾವುದೇ ದಿನ ಮರಳಿ ಬರುವ ಸಂಭವವಿರುವುದರಿಂದ, ಬಂದಾಗ ಅದಕ್ಕೆ ಇರಲು ಜಾಗವಿರುವಂತೆ, ಹಾಲಿ ಅಂಗಡಿಯೊಳಗೆ ಗೋಡೆಯ ಉದ್ದಕ್ಕೂ ನಾಲ್ಕು ಇಂಚು ಸ್ಥಳವನ್ನು ಹಳದಿ ಗೆರೆಯಿಂದ ಗುರುತಿಸಿ ಖಾಲಿ ಬಿಡತಕ್ಕದ್ದು. ಅದು ಬಂದಿದೆಯೋ ಇಲ್ಲವೋ ಎಂಬುದನ್ನು ಪ್ರತಿದಿನ ಒಂದು ಪುಸ್ತಕದಲ್ಲಿ ದಾಖಲಿಸತಕ್ಕದ್ದು."

ಆದೇಶವನ್ನು ನಾನೇ ಗಟ್ಟಿಯಾಗಿ ಓದಿ ಹೇಳಿದೆ. "ಅನುಮಾನಿಸಲು ಕಾರಣಗಳಿಲ್ಲ" ಎಂಬಲ್ಲಿ ಸ್ವಲ್ಪ ನಿಲ್ಲಿಸಿ ಓದಿದೆ.

"ಅಂದ್ರೆ ಇಲ್ಲದ ನಾಲ್ಕು ಇಂಚಿಗೆ ಇರೋ ನಾಲ್ಕು ಇಂಚು ಬಿಡಬೇಕು," ಎಂದಳು ಸೊಸೆ.

"ಹಾಗಲ್ಲ. ತಾತ್ಕಾಲಿಕ."

"ಬರೋವರೆಗೆ."

"ಹೌದು, ಬರೋವರೆಗೆ."

ಹಳದಿ ಗೆರೆ ಬಿದ್ದಿತು. ಅದು ಬಿದ್ದ ಕಡೆ ನಮ್ಮ ಕತ್ತರಿಸುವ ಮೇಜಿನ ಒಂದು ತುದಿ ಇತ್ತು. ಆ ಮೇಜನ್ನು ಅಂಗಡಿ ತೆರೆದ ವರ್ಷ ನಾನೇ ನಿಂತು ಮಾಡಿಸಿದ್ದು, ಸರಿಯಾಗಿ ಏಳು ಅಡಿ. ಪರದೆಗೆಂದು ಬಟ್ಟೆ ಕತ್ತರಿಸುವಾಗ ನಾನು ಟೇಪು ಮುಟ್ಟುವುದಿಲ್ಲ. ಮೇಜಿನ ಈ ಅಂಚಿನಿಂದ ಆ ಅಂಚಿಗೆ ಹಾಸಿ ಕತ್ತರಿಸಿದರೆ ಮುಗಿಯಿತು, ಮೇಜೇ ಅಳತೆ. ಈಗ ಮೇಜನ್ನು ನಾಲ್ಕು ಇಂಚು ಈಚೆ ತಳ್ಳಿ ನೋಡಿದೆವು. ಯಂತ್ರದ ಕಡೆಗೆ ಹೋಗುವ ದಾರಿ ಕಿರಿದಾಯಿತು. ಸೊಸೆ ಸಲೀಸಾಗಿ ದಾಟಿದಳು. ನಾನೂ ದಾಟಲು ಪ್ರಯತ್ನಿಸಿದೆ. ಅದರ ಫಲಿತಾಂಶವನ್ನು ದಿನಚರಿಯಲ್ಲಿ ಬರೆದಿಲ್ಲ.

ಮರುದಿನ ಬಡಗಿ ಬಂದು ಮೇಜಿನ ತುದಿಯನ್ನು ನಾಲ್ಕು ಇಂಚು ಕೊಯ್ದ. "ಒಳ್ಳೆ ಮರ, ಪಾಪ," ಎಂದ. ತುಂಡನ್ನು ಏನು ಮಾಡಬೇಕೆಂದು ಕೇಳಿದ. ಹಳದಿ ಗೆರೆಯೊಳಗೆ ಇಡುವಂತಿಲ್ಲವಾದ್ದರಿಂದ ಮನೆಗೆ ತಂದೆವು.

ಆಗಸ್ಟ್ ಹನ್ನೊಂದಕ್ಕೆ ಸೊಸೆ ಪರವಾನಗಿಯ ಪ್ರತಿ ತರಲು ಕಚೇರಿಗೆ ಹೋದಳು. ಬೆಳಿಗ್ಗೆಯಿಂದ ಸಂಜೆಯವರೆಗೂ ಸಾಲು. ಅವಳು ಬರುವಷ್ಟರಲ್ಲಿ ಏನಾದರೂ ಮಾಡಿ ಸಂತೋಷಪಡಿಸಬೇಕೆಂದು ನನಗೆ ಅನ್ನಿಸಿತು. ಎರಡು ತಿಂಗಳಿಂದ ಅವಳು ನನ್ನೊಡನೆ ಅಗತ್ಯವಿದ್ದಷ್ಟು ಮಾತ್ರ ಮಾತಾಡುತ್ತಿದ್ದಳು. ಪರದೆಯ ಬಟ್ಟೆ ಬಂದು ಬಿದ್ದಿತ್ತು. ಒಂದೊಂದು ಪರದೆಗೆ ಏಳು ಅಡಿ ಬೇಕು. ಹಾಸಿದೆ, ಕತ್ತರಿಸಿದೆ. ಹಾಸಿದೆ, ಕತ್ತರಿಸಿದೆ. ಊಟಕ್ಕೂ ಏಳಲಿಲ್ಲ. ಅಂಚಿನಿಂದ ಅಂಚಿಗೆ, ಒಂದು ನೂಲು ಆಚೀಚೆ ಇಲ್ಲ. ಸಂಜೆ ಸೊಸೆ ಪರವಾನಗಿ ಹಿಡಿದು ಬಂದಾಗ ನಲವತ್ತೆರಡೂ ಮಡಿಸಿ ಜೋಡಿಸಿಟ್ಟಿದ್ದೆ.

ಅವಳ ಮುಖ ಅರಳಿತು. "ಎಲ್ಲಾ ಒಬ್ಬರೇ ಮಾಡಿದ್ರಾ ಅತ್ತೆ?" ಎಂದಳು. ಮೇಲಿನದೊಂದನ್ನು ಬಿಡಿಸಿ ಮೇಜಿನ ಮೇಲೆ ಹಾಸಿದಳು. ಪರದೆ ಮೇಜಿಗೆ ಸರಿಯಾಗಿತ್ತು. ಅವಳು ಪರದೆಯನ್ನು ನೋಡಿದಳು, ಮೇಜಿನ ಹೊಸ ಅಂಚನ್ನು ನೋಡಿದಳು, ನೆಲದ ಹಳದಿ ಗೆರೆಯನ್ನು ನೋಡಿದಳು. ನನ್ನನ್ನು ನೋಡಲಿಲ್ಲ.

"ಎಷ್ಟು ಕಡಿಮೆ ಬಂದಿದೆ?" ಎಂದು ನಾನೇ ಕೇಳಿದೆ, ಉತ್ತರ ಗೊತ್ತಿದ್ದೂ.

"ನಾಲ್ಕು."

ಅವಳು ಪರದೆಯನ್ನು ಮೊದಲಿನ ಹಾಗೆಯೇ ಮಡಿಸಿಟ್ಟಳು. ಗೋಡೆಯ ಆಚೆ ಗಡಿಯಾರಗಳು ಒಂದರ ಹಿಂದೆ ಒಂದು ಆರು ಹೊಡೆದವು.

"ಕಚೇರಿಗೆ ಕಾಗದ ಬರೀಬೇಕು ಅತ್ತೆ," ಎಂದಳು ಕೊನೆಗೆ. "ಕಾಣೆಯಾಗಿದ್ದು ಸಿಕ್ಕಿತು ಅಂತ. ಒಂದಲ್ಲ, ನಲವತ್ತೆರಡು."

ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ಎದ್ದು ಬಂದು, ನನ್ನ ಕುತ್ತಿಗೆಯಲ್ಲಿದ್ದ ಟೇಪನ್ನು ಮೆಲ್ಲಗೆ, ಕೂದಲಿಗೆ ಸಿಕ್ಕಿಕೊಳ್ಳದಂತೆ ತೆಗೆದು ತನ್ನ ಕುತ್ತಿಗೆಗೆ ಹಾಕಿಕೊಂಡಳು. ನಾನು ತಡೆಯಲಿಲ್ಲ. ಅದನ್ನು ದಿನಚರಿಯಲ್ಲಿ ಬರೆದಿದ್ದೇನೆ: "ಸಂಜೆ ಆರೂ ಹತ್ತು. ಟೇಪು ಹಸ್ತಾಂತರ."

ಕಡಿಮೆ ಬಿದ್ದ ಕಡೆಗೆ ಬೇರೆ ಬಟ್ಟೆಯ ಪಟ್ಟಿ ಸೇರಿಸದೆ ದಾರಿಯಿರಲಿಲ್ಲ. ಮಿಕ್ಕಿದ್ದ ಬಟ್ಟೆಯನ್ನು ಪರದೆ ಕಟ್ಟುವ ಲಾಡಿಗಳಿಗೆಂದು ನಾನು ಆಗಲೇ ಸೀಳಿಬಿಟ್ಟಿದ್ದೆ, ಅಂಗಡಿಗಳಲ್ಲಿ ಅದೇ ಬಣ್ಣ ಸಿಗಲಿಲ್ಲ. ಸಿಕ್ಕಿದ ಹಳದಿಯಲ್ಲಿ ಸೊಸೆ ನಲವತ್ತೆರಡು ಪರದೆಗಳ ಕೆಳಗೆ ನಾಲ್ಕು ನಾಲ್ಕು ಇಂಚಿನ ಪಟ್ಟಿ ಕೂಡಿಸಿದಳು. ಹನ್ನೊಂದು ದಿನ ಹಿಡಿಯಿತು. ಆಸ್ಪತ್ರೆಯವರು ನೋಡಿ, ಅಂಚು ಬಹಳ ಚೆನ್ನಾಗಿದೆ, ಮುಂದಿನ ಮಹಡಿಗೂ ಇದೇ ಅಂಚು ಇರಲಿ ಎಂದರು. ಬೇಡ ಎನ್ನಲು ನಮಗೆ ಬಾಯಿ ಬರಲಿಲ್ಲ. ಅಂದಿನಿಂದ ಏಳು ಅಡಿಯ ಪರದೆಯನ್ನು ಬೇಕೆಂದೇ ಗಿಡ್ಡವಾಗಿ ಕತ್ತರಿಸಿ ಪಟ್ಟಿ ಸೇರಿಸಿ ಕೊಡುತ್ತಿದ್ದೇವೆ. ಮೇಜು ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಮುಂದಿನ ವರ್ಷ ಗಡಿಯಾರದವರು ಬಂದರು. "ಅಕ್ಕಾ, ಗೆರೆ ಇರೋ ಅಂಗಡಿ ತಪಾಸಣೆ ಬೇಗ ಮುಗಿಯುತ್ತಂತೆ. ಗೆರೆ ನೋಡಿ ಸಹಿ ಹಾಕಿ ಹೋಗಿಬಿಡ್ತಾರಂತೆ. ನನ್ನದೂ ಒಂದು ಮೂರು ಇಂಚು ಕಾಣೆಯಾಗಿದೆ ಅಂತ ಬರೆದುಕೊಡ್ತೀರಾ? ನಿಮ್ಮ ಕೈಬರಹದಲ್ಲೇ ಬೇಕು." ಬರೆದುಕೊಟ್ಟೆ. ಈಗ ಬೀದಿಯ ಇಪ್ಪತ್ತು ಅಂಗಡಿಗಳಲ್ಲಿ ಹದಿನೇಳಕ್ಕೆ ಹಳದಿ ಗೆರೆ ಇದೆ. ಇಲ್ಲದ ಮೂವರನ್ನು ಕಂಡರೆ ಉಳಿದವರಿಗೆ ಸ್ವಲ್ಪ ಅನುಮಾನ. ಗಿರಾಕಿಗಳು ಗೆರೆ ತುಳಿಯದೆ ದಾಟುತ್ತಾರೆ. ಮಕ್ಕಳಿಗೆ ಅದನ್ನು ತುಳಿಯಬಾರದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಪುಸ್ತಕವನ್ನು ನಾನೇ ಇಡುತ್ತೇನೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಗೆರೆಯ ಹತ್ತಿರ ಹೋಗಿ ನೋಡಿ, ದಿನಾಂಕ ಹಾಕಿ "ಬಂದಿಲ್ಲ" ಎಂದು ಬರೆಯುತ್ತೇನೆ. ಕಾಯಿಲೆ ಬಿದ್ದ ದಿನಗಳಲ್ಲೂ ಒಂದೂ ತಪ್ಪಿಲ್ಲ. ಹೊಸದಾಗಿ ಬಂದಿರುವ ತಪಾಸಣೆಯವರು ಕಳೆದ ತಿಂಗಳು ಪುಟ ತಿರುವಿ ನೋಡಿ, ಇಷ್ಟು ಅಚ್ಚುಕಟ್ಟಾದ ಪುಸ್ತಕವನ್ನು ತಮ್ಮ ಸೇವೆಯಲ್ಲೇ ಕಂಡಿಲ್ಲ ಎಂದರು. ಯಂತ್ರ ಒಂದು ಕ್ಷಣ ನಿಂತಿತು. ಮತ್ತೆ ಓಡಿತು.

ಕೊನೆಗೆ ಆದ ಖರ್ಚನ್ನು ಬರೆದಿಡುವುದು ನನ್ನ ಕರ್ತವ್ಯ. ಏಳು ಅಡಿಯ ಮೇಜಿನಲ್ಲಿ ನಾಲ್ಕು ಇಂಚು ಹೋಯಿತು. ಆ ತುಂಡಿನ ಮೇಲೆ ಈಗ ಮನೆಯಲ್ಲಿ ನೀರಿನ ಹೂಜಿ ಕೂತಿದೆ. ಎರಡು ಗೋಡೆಯ ಸುಣ್ಣ, ಸೊಸೆಯ ಹನ್ನೊಂದು ದಿನ, ಅದಕ್ಕೂ ಮೊದಲು ಅವಳು ನನ್ನೊಡನೆ ಆಡದೆ ಉಳಿಸಿಕೊಂಡ ಎರಡು ತಿಂಗಳ ಮಾತು. ಒಂದು ಟೇಪು, ಅದು ಇವತ್ತಿಗೂ ಅವಳ ಕುತ್ತಿಗೆಯಲ್ಲೇ ಇದೆ, ಎದೆಯ ಅಳತೆಯನ್ನು ಅವಳು ಇದ್ದ ಹಾಗೆಯೇ ಬರೆದುಕೊಳ್ಳುತ್ತಾಳೆ. ಉಳಿತಾಯವೆಂದರೆ, ಬರೆಯದೆ ಬಿಟ್ಟ ಆ ಒಂದು ಸಾಲು.