ಗಾಣಕ್ಕೆ ಸೆನ್ಸರ್ ಅಂಟಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದಲ್ಲ. ಮಧುಗಿರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾದ ನನಗೆ ಅಂಗಿಯ ಗುಂಡಿಯಷ್ಟು ಪುಟ್ಟ ಸೆನ್ಸರ್ ಕೂರಿಸಲು ಬರುವುದಿಲ್ಲವೇ? ಬರುತ್ತದೆ! ಕೂರಿಸಿದೆ ಕೂಡ. ಆಮೇಲಾದದ್ದಕ್ಕೆಲ್ಲ ಆ ಸೆನ್ಸರೇ ಹೊಣೆ.

ನಮ್ಮದೊಂದು ಎಣ್ಣೆ ಮಿಲ್ಲು. ನಮ್ಮದು ಎಂದರೆ ನನ್ನ ಹೆಂಡತಿ ಗಿರಿಜಾಳದು. ಸುತ್ತಲಿನವರು ತಮ್ಮ ಕಡಲೆಬೀಜ ತಂದು, ಗಾಣದ ಮುಂದೆಯೇ ಕೂತು ಆಡಿಸಿಕೊಂಡು, ಎಣ್ಣೆ, ಹಿಂಡಿ ಎರಡನ್ನೂ ಒಯ್ಯುತ್ತಾರೆ. ಹೋದ ವರ್ಷ ಮೋಟಾರು ಸುಟ್ಟುಹೋದಾಗಲೇ ನಾನು ಈ ಪುಟಾಣಿ ಸೆನ್ಸರ್ ಬಗ್ಗೆ ಓದಿದ್ದು. ದೊಡ್ಡ ಕಾರ್ಖಾನೆಗಳಲ್ಲಿ ಯಂತ್ರಗಳಿಗೆ ಇದನ್ನು ಅಂಟಿಸುತ್ತಾರಂತೆ. ಬಿಸಿ, ಅದುರಾಟ ಎಲ್ಲ ಗಮನಿಸಿ, ಯಂತ್ರ ಕೆಡುವ ಮುನ್ನವೇ ಮೊಬೈಲಿಗೆ ಸಂದೇಶ ಕಳಿಸುತ್ತದಂತೆ. ಅಪಾಯ ಕಂಡರೆ, ಜೊತೆಗೆ ಕೊಡುವ ಸ್ವಿಚ್ಚಿನ ಮೂಲಕ ತಾನೇ ಮೋಟಾರು ನಿಲ್ಲಿಸುತ್ತದಂತೆ!

"ನಂಗೆ ಕಿವಿ ಐತೆ ಕಣ್ರೀ. ಇದ್ಯಾಕೆ?" ಎಂದಳು ಗಿರಿಜಾ.

"ನಿನ್ನ ಕಿವಿ ಮೊಬೈಲಿಗೆ ಮೆಸೇಜ್ ಕಳಿಸ್ತದಾ?" ಎಂದೆ. ಅವಳು ಹಿಂಡಿ ತುಂಬಲು ಹೋದಳು. ಗೆದ್ದೆ ಅಂದುಕೊಂಡೆ.

ಶುಭಕಾರ್ಯಕ್ಕೆ ಒಳ್ಳೆಯ ದಿನ ಬೇಡವೇ? ಆಯುಧಪೂಜೆಯಂದು ಗಾಣ ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು, ಸೆನ್ಸರನ್ನು ಮೋಟಾರಿಗೆ ಇಟ್ಟೆ. ಅದರ ಅಯಸ್ಕಾಂತ ಟಪ್ಪೆಂದು ಕಚ್ಚಿಕೊಂಡಿತು. "ಕಲಿಕೆ ಆರಂಭವಾಗಿದೆ, ಒಂದು ದಿನ ಕಾಯಿರಿ" ಎಂದಿತು ಮೊಬೈಲು. ಮಾರನೆಯ ದಿನ "ಕಲಿಕೆ ಮುಗಿದಿದೆ" ಎಂದಿತು. ನನ್ನ ವಿದ್ಯಾರ್ಥಿಗಳಲ್ಲಿ ಇಷ್ಟು ಬೇಗ ಕಲಿತವರು ಒಬ್ಬರೂ ಇಲ್ಲ!

ಅಂದೇ ನಾಗಲಮಡಿಕೆ ಕಡೆಯ, ತೆಲುಗು ಮನೆಮಾತಿನ ಆಂಜನೇಯುಲು ಮಗಳ ಮದುವೆಗೆಂದು ಟೆಂಪೋ ತುಂಬ ಕಡಲೆಬೀಜದ ಮೂಟೆ ತಂದ. ಚಕ್ಕುಲಿ, ಕಜ್ಜಾಯ ಕರಿಯಲು ಅವನ ಮನೆಯ ಹೆಂಗಸರು ಎಣ್ಣೆಗೆ ಕಾಯುತ್ತಿದ್ದರು. ಗಿರಿಜಾ ಸ್ವಿಚ್ ಒತ್ತಿದಳು. ಗಾಣ ತಿರುಗಿತು. ಮೊಬೈಲು ಬಡಿದುಕೊಂಡಿತು: "ಅಪಾಯ! ಯಂತ್ರದಲ್ಲಿ ವಿಪರೀತ ಕಂಪನ!" ಗಾಣ ನಿಂತಿತು.

"ಬೇರಿಂಗ್ ದೋಷ" ಎಂದು ಗಂಭೀರವಾಗಿ ಘೋಷಿಸಿದೆ. ಗ್ರೀಸ್ ತುಂಬಿದೆ. ಮತ್ತೆ ನಿಂತಿತು. ಬೆಲ್ಟ್ ಬದಲಿಸಿದೆ. ನಿಂತಿತು. ಬೋಲ್ಟುಗಳನ್ನು ಬಿಗಿ ಮಾಡುವ ಭರದಲ್ಲಿ ಒಂದನ್ನು ಮುರಿದೇಬಿಟ್ಟೆ. ಅದಕ್ಕೂ ನಿಂತಿತು!

"ಏಂ ಮೇಷ್ಟ್ರೇ, ಇದು ನಡೀತದಾ ಲೇದಾ? ಸಾಯಂಕಾಲಕ್ಕೆ ಎಣ್ಣೆ ಇಲ್ಲಾಂದ್ರೆ ನಮ್ಮಾಕೆ ನನ್ನೇ ಬಾಣಲಿಗೆ ಹಾಕ್ತಾಳೆ! ಬೇರೆ ಮಿಲ್ಲಿಗೆ ಹೋಗ್ತೀನಿ ಬುಡಿ" ಎಂದು ಆಂಜನೇಯುಲು ಮೂಟೆಗಳನ್ನು ಮತ್ತೆ ಟೆಂಪೋಗೆ ಹಾಕಿಸತೊಡಗಿದ. ಅವನ ಅಪ್ಪನ ಕಾಲದಿಂದ ಬರುತ್ತಿದ್ದ ಗಿರಾಕಿ! ಗಿರಿಜಾಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಸಿಟ್ಟು ನೆತ್ತಿಗೇರಿ ಕಂಪನಿಗೆ ಫೋನ್ ಮಾಡಿದೆ. "ಏನ್ರೀ, ಸೆನ್ಸರ್ ಮಾರಿದ್ದೀರೋ ಶನಿ ಮಾರಿದ್ದೀರೋ?"

ಅತ್ತಲಿನ ಹುಡುಗಿಯ ದನಿ ತಣ್ಣಗಿತ್ತು. "ಕಲಿಕೆಯ ದಿನ ಯಂತ್ರ ಎಂದಿನಂತೆ ಓಡುತ್ತಿತ್ತಲ್ಲವಾ ಸರ್? ಅದನ್ನು ನೋಡಿಯೇ ಸೆನ್ಸರ್ ಆರೋಗ್ಯ ಅಂದರೇನು ಅಂತ ಕಲಿಯುತ್ತದೆ."

"ಆಯುಧಪೂಜೆ ದಿನ ಯಾರಾದರೂ ಗಾಣ ಆಡಿಸ್ತಾರೇನಮ್ಮಾ? ಹಾರ ಹಾಕ್ಕೊಂಡು ನಿಂತಿತ್ತು!"

"ಹಾಗಾದರೆ ನಿಂತಿರುವುದೇ ಆರೋಗ್ಯ ಅಂತ ಕಲಿತಿದೆ ಸರ್. ತಿರುಗಿದರೆ ಕಾಯಿಲೆ ಅನ್ನುತ್ತದೆ."

ಮೈಯೆಲ್ಲ ಉರಿಯಿತು. ಹಬ್ಬ ಹರಿದಿನ ತಿಳಿಯದ ಇದಕ್ಕೆ ಸ್ಮಾರ್ಟ್ ಎಂದು ಹೆಸರಿಟ್ಟವರು ಯಾರು? ಆಯುಧಪೂಜೆಯಂದು ಅಂಟಿಸಬೇಡಿ ಎಂದು ಡಬ್ಬಿಯ ಮೇಲೆ ಬರೆಯಬಾರದಿತ್ತೇ? ಬೀದಿಗೆಲ್ಲ ಕೇಳುವಂತೆ ಕೂಗಾಡಿ, ಸುಸ್ತಾಗಿ ಕಬ್ಬಿಣದ ಕುರ್ಚಿಯಲ್ಲಿ ಕುಸಿದೆ.

ಗಿರಿಜಾ ಸೆರಗು ಸಿಕ್ಕಿಸಿ ಗಾಣದ ಬಳಿಗೆ ಬಂದಳು. ಸೆನ್ಸರನ್ನು ಕಿತ್ತಳು, ಹೊಸ ಬೋಲ್ಟ್ ಹಾಕಿದಳು. "ಆಂಜನೇಯುಲಣ್ಣ, ಮೂಟೆ ಇಳಿಸು. ಎಣ್ಣೆ ತಗಂಡೇ ಹೋಗುವಂತೆ" ಎಂದಳು. ಗಾಣ ಗುಡುಗುಡು ತಿರುಗಿತು. ಸಂಜೆಯೊಳಗೆ ಟೆಂಪೋ ಎಣ್ಣೆ ಡಬ್ಬಿಗಳೊಂದಿಗೆ ಹೊರಟಿತು. ಅಲ್ಲಿಯವರೆಗೂ ನಾನು ಮುನಿಸಿಕೊಂಡು ಕುರ್ಚಿಯಲ್ಲೇ ಇದ್ದೆ.

ಮೊಬೈಲು ಮೆಲ್ಲಗೆ ಟಿಂಗ್ ಎಂದಿತು. "ಅಭಿನಂದನೆಗಳು! ನಿಮ್ಮ ಯಂತ್ರ ಅತ್ಯುತ್ತಮ ಆರೋಗ್ಯದಲ್ಲಿದೆ. ಕಿಂಚಿತ್ತೂ ಚಲನೆ ಇಲ್ಲ."

ಬಗ್ಗಿ ನೋಡಿದೆ. ಸೆನ್ಸರ್ ನನ್ನ ಕುರ್ಚಿಯ ಕಾಲಿಗೆ ಅಂಟಿಕೊಂಡಿತ್ತು!

"ಈಗ ಸರಿಯಾದ ಜಾಗದಾಗೆ ಹಾಕಿದೀನಿ ನೋಡ್ರಿ" ಎಂದಳು ಗಿರಿಜಾ.

ಕೆರಳಿ, ಕುರ್ಚಿ ಅದುರುವಂತೆ ಧಡಕ್ಕನೆ ಎದ್ದೆ.

"ಅಪಾಯ! ಯಂತ್ರದಲ್ಲಿ ವಿಪರೀತ ಕಂಪನ!" ಎಂದು ಮೊಬೈಲು ಬಡಿದುಕೊಂಡಿತು.

ತೆಪ್ಪಗೆ ಕೂತೆ.