ಪರಮಶಿವಪ್ಪನವರ ಟೈರಿನ ಆಯುಷ್ಯ

"ಈ ನಾಲ್ಕು ಟೈರುಗಳ ಆಯುಷ್ಯಾನ ಇಮ್ಮಡಿ ಮಾಡದಿದ್ರೆ ನನ್ನ ಹೆಸರು ಪರಮಶಿವಪ್ಪನೇ ಅಲ್ಲ!"

ಹೀಗೆ ಭೀಷ್ಮಪ್ರತಿಜ್ಞೆ ಮಾಡಿದವರು ಶಿಕಾರಿಪುರದ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಪರಮಶಿವಪ್ಪನವರು. ನಯಾಪೈಸೆ ಬಂದ ಮರುವರ್ಷದ ಮಾತು. ಆಗ ಊರಿನಲ್ಲಿದ್ದ ಕಾರುಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಿ ಹೆಬ್ಬೆರಳು ಉಳಿಸಿಕೊಳ್ಳಬಹುದಿತ್ತು. ಅದರಲ್ಲೊಂದು ಇವರದು. ಯಾವನೋ ಇಂಗ್ಲಿಷ್ ದೊರೆ ಸೀಮೆಗೆ ವಾಪಸ್ಸು ಹೋಗುವಾಗ ಬಿಟ್ಟುಹೋದದ್ದು, ಕೈ ಬದಲಾಗಿ ಬದಲಾಗಿ ಕೊನೆಗೆ ಇವರ ಅಂಗಳಕ್ಕೆ ಬಂದು ನಿಂತಿತ್ತು. ಹೊರಡಿಸಬೇಕಾದರೆ ನಾಲ್ಕು ಜನ ತಳ್ಳಬೇಕು, ನಿಲ್ಲಿಸಬೇಕಾದರೆ ದೇವರೇ ಮನಸ್ಸು ಮಾಡಬೇಕು. ಆದರೂ ಅದು ಕಾರು! ಅದರಲ್ಲಿ ಕೂತಾಗ ಪರಮಶಿವಪ್ಪನವರ ಎದೆ ಎರಡು ಅಂಗುಲ ಅಗಲವಾಗುತ್ತಿತ್ತು.

ಪ್ರತಿಜ್ಞೆಗೆ ಕಾರಣ ಶಿವಮೊಗ್ಗೆಯಲ್ಲಿ ಯಾರೋ ಕೈಗಿಟ್ಟ ಒಂದು ಕರಪತ್ರ. 'ಮುಂದಿನ ಟೈರನ್ನು ಹಿಂದಕ್ಕೂ ಎಡದ್ದನ್ನು ಬಲಕ್ಕೂ ಕಾಲಕಾಲಕ್ಕೆ ಬದಲಾಯಿಸಿದರೆ ಎಲ್ಲವೂ ಸಮನಾಗಿ ಸವೆದು ಬಹುಕಾಲ ಬಾಳುತ್ತವೆ' ಎಂದು ಅದರಲ್ಲಿ ಅಚ್ಚಾಗಿತ್ತು. ಅದನ್ನು ಏಳು ಸಲ ಓದಿದ ಪರಮಶಿವಪ್ಪನವರು ಎಂಟನೆಯ ಸಲ ಹೆಂಡತಿಗೆ ಓದಿ ಹೇಳಿದರು.

ನೀಲಾಂಬಿಕ ಜಗಲಿಯ ಮೇಲೆ ಮೊರದಲ್ಲಿ ಅಡಿಕೆ ಆರಿಸುತ್ತಿದ್ದಳು. ಮಾರನೆಯ ದಿನ ಅವಳ ತವರು ಸೊರಬದಲ್ಲಿ ತಂಗಿಯ ನಿಶ್ಚಯ. ಎರಡು ಕಡೆಯವರೂ ತಾಂಬೂಲ ಬದಲಾಯಿಸುವ ಶಾಸ್ತ್ರ. ಗಂಡಿನ ಅಜ್ಜ ಉಜ್ಜಪ್ಪನವರು ಚಂದ್ರಗುತ್ತಿಯವರು, ಮಂಡಿನೋವಿನ ಮನುಷ್ಯ, ಬಸ್ಸು ಹತ್ತಲಾರರು. "ಅದಕ್ಕೇನು, ನನ್ನ ಕಾರು ಇಲ್ವೇ?" ಎಂದು ಅತ್ತೆ ವರದಮ್ಮನವರಿಗೆ ಮಾತು ಕೊಟ್ಟವರು ಇದೇ ಅಳಿಯಂದಿರು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಆ ಅತ್ತೆ ಇವರನ್ನು ಹೊಗಳಿದ್ದು ಅದೊಂದೇ ಸಲ.

"ಎಂತ ಮಾರಾಯ್ರೆ, ನಾಳೆ ಊರಿಗೆ ಹೋಗೋದು ಇಟ್ಕೊಂಡು ಇವತ್ತು ಗಾಲಿ ಬಿಚ್ತೀರಾ?"

"ಒಂದು ಗಂಟೆ ಕೆಲ್ಸ ಕಣೇ! ಟೈರಿನ ಆಯುಷ್ಯ ಹೆಚ್ಚಾಗ್ತೈತಿ."

"ಅದರ ಆಯುಷ್ಯ ಹೆಚ್ಚಿಸೋಕೆ ಹೋಗಿ ನನ್ನದು ಕಡಿಮೆ ಮಾಡ್ಬೇಡಿ. ಅಜಮತ್ ಸಾಹೇಬ್ರನ್ನಾದ್ರೂ ಕರೀರಿ."

ಎದುರು ಸಾಲಿನಲ್ಲೇ ಅಜಮತ್ ಉಲ್ಲಾ ಅವರ ರಿಪೇರಿ ಅಂಗಡಿ. ಅವರು ಆಗಲೇ ಬೀಡಿ ಹಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಸಾವ್ಕಾರ್ರೇ, ಒಂದೇ ಸಲ ನಾಲ್ಕೂ ಬಿಚ್ಚಬ್ಯಾಡ್ರಿ, ಎರಡೆರಡು ಬಿಚ್ರಿ" ಎಂದರು.

"ನೀವು ಸುಮ್ನಿರಿ ಸಾಹೇಬ್ರೇ. ಕರಪತ್ರ ನಾನು ಓದೀನಿ!"

ಓದಿದವರ ಎದುರು ಬಲ್ಲವರು ಏನು ಮಾಡಿಯಾರು? ಸಾಹೇಬರು ಇನ್ನೊಂದು ಬೀಡಿ ಹಚ್ಚಿದರು.

ಜಾಕಿ ಇದ್ದದ್ದು ಒಂದು. ಒಂದೊಂದೇ ಮೂಲೆ ಎತ್ತಿ, ಅದರ ಕೆಳಗೆ ಆಸರೆ ಕೊಡುತ್ತಾ ಹೋದರು. ಒಂದು ಮೂಲೆಗೆ ಬಟ್ಟೆ ಒಗೆಯುವ ಕಲ್ಲು, ಇನ್ನೊಂದಕ್ಕೆ ಎಮ್ಮೆ ನೀರು ಕುಡಿಯುವ ಬಾನಿ, ಮೂರನೆಯದಕ್ಕೆ ಹಲಸಿನ ದಿಮ್ಮಿ, ನಾಲ್ಕನೆಯದಕ್ಕೆ ಏನೂ ಸಿಗದೆ ಅಡುಗೆಮನೆಯ ಒರಳನ್ನೇ ಉರುಳಿಸಿಕೊಂಡು ಬಂದರು. ನೀಲಾಂಬಿಕ ಹಣೆ ಚಚ್ಚಿಕೊಂಡು ಒಳಗೆ ಹೋದಳು. ಪರಮಶಿವಪ್ಪನವರು ಬಿಚ್ಚಿದ ಇಪ್ಪತ್ತು ನಟ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಕಳೆದುಹೋಗಬಾರದೆಂದು ಜಗಲಿಯ ಮೇಲಿದ್ದ ಹಿತ್ತಾಳೆ ಬಟ್ಟಲಿಗೆ ಹಾಕಿ, ಧೂಳು ಕೂರಬಾರದೆಂದು ವಸ್ತ್ರ ಮುಚ್ಚಿದರು. ಎಂಥ ಮುಂಜಾಗ್ರತೆ!

ಅಷ್ಟರಲ್ಲಿ ಸೊರಬದಿಂದ ಭಾವಮೈದುನ ಹುಲಿಯಪ್ಪ ಬಂದ. ಶಾಸ್ತ್ರದ ಸೀರೆ, ಅಡಿಕೆ ಒಯ್ಯಲು ಬಂದವನು. ಅಂಗಳದಲ್ಲಿ ಕಾಲಿಲ್ಲದೆ ಕೂತ ಕಾರನ್ನು ನೋಡಿ ದಂಗಾದ.

"ಎಂತ ಭಾವ ಇದು?"

"ಎಡಗಾಲಿ ಬಲಕ್ಕೆ, ಬಲಗಾಲಿ ಎಡಕ್ಕೆ ಹಾಕ್ತಿದೀನಿ."

"ಅಯ್ಯೋ, ಎಡಗೋಲಿನ ಎತ್ತನ್ನ ಬಲಗೋಲಿಗೆ ಕಟ್ಟಿದ್ರೆ ಗಾಡಿ ಸೀದಾ ಗದ್ದೆಗೆ ಹೋಗ್ತದೆ! ಟೈರಿಗೂ ಅಭ್ಯಾಸ ಅಂತ ಇರಲ್ವಾ ಭಾವ?"

ಈ ಘನ ಪ್ರಶ್ನೆಗೆ ಉತ್ತರ ಕೊಡುತ್ತಾ ಪರಮಶಿವಪ್ಪನವರು ಕಾರಿನಡಿ ತೂರಿಕೊಂಡರು. ಅಲ್ಲಿ ಯಾವ ಕೀಲು ಎಲ್ಲಿದೆ ಎಂದು ನೋಡುತ್ತಿದ್ದಾಗ ಸೊರಬದ ಬಸ್ಸು ಹಾರನ್ ಹೊಡೆಯಿತು. ಹುಲಿಯಪ್ಪ ಕೂಗಿದ: "ಭಾವ, ಅಡಿಕೆ ಎಲ್ಲಿದೆ? ಅಕ್ಕ ಕೊಟ್ಟಿಗೆಗೆ ಹೋಗಿದಾಳೆ!"

"ಜಗಲಿ ಮ್ಯಾಲೆ ಐತಿ ನೋಡೋ! ಮೊರದಾಗೆ, ಬಟ್ಟಲದಾಗೆ ಇರೋದೆಲ್ಲ ಬಾಚ್ಕೊಂಡು ಹೋಗು!" ಕೀಲಿನ ಧ್ಯಾನದಲ್ಲಿದ್ದ ಪರಮಶಿವಪ್ಪನವರು ಕಾರಿನಡಿಯಿಂದಲೇ ಕೂಗಿದರು.

ಹುಲಿಯಪ್ಪ ಆಜ್ಞೆ ಪಾಲಿಸಿದ. ಮೊರದಲ್ಲಿದ್ದದ್ದು, ಬಟ್ಟಲಲ್ಲಿದ್ದದ್ದು ಎರಡನ್ನೂ ನೋಡಲು ಪುರುಸೊತ್ತಿಲ್ಲದೆ ಅಕ್ಕ ಹೊಲಿದಿಟ್ಟ ಕೆಂಪು ಚೀಲಕ್ಕೆ ಸುರುವಿ, ಬಾಯಿ ಬಿಗಿದು, ಓಡಿ ಬಸ್ಸು ಹತ್ತಿದ. ಈ ವರ್ಷದ ಅಡಿಕೆ ಒಳ್ಳೇ ತೂಕ ಬಂದಿದೆ ಎಂದು ದಾರಿಯುದ್ದಕ್ಕೂ ಹಿಗ್ಗಿದನಂತೆ.

ಸಂಜೆ ನಾಲ್ಕಕ್ಕೆ ಗಾಲಿಗಳನ್ನು ಜೋಡಿಸಲು ಹೊರಟಾಗ ಬಟ್ಟಲು ಖಾಲಿ! ಅಂಗಳ, ಚರಂಡಿ, ಎಮ್ಮೆಯ ಬಾಯಿ, ಎಲ್ಲ ಹುಡುಕಿದ್ದಾಯಿತು. ಕೊನೆಗೆ ನೀಲಾಂಬಿಕ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

"ಹುಲಿಯಪ್ಪ ಅಡಿಕೆ ಕೇಳ್ದಾಗ ಎಂತ ಹೇಳಿದ್ರಿ?"

"ಮೊರದಾಗೆ... ಬಟ್ಟಲದಾಗೆ..." ಪರಮಶಿವಪ್ಪನವರು ಖಾಲಿ ಬಟ್ಟಲನ್ನು ತಲೆಕೆಳಗು ಮಾಡಿ ನೋಡಿದರು.

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ನೀವು ಅಡಿಕೆ ಜೊತೆ ನಟ್ಟನ್ನೂ ಕಳ್ಸಿದೀರಿ, ಇನ್ನು ಎಷ್ಟು ಆನೆ ಕೊಡ್ತೀರಿ?"

ಆ ಹೊತ್ತಿಗೆ ಸೊರಬಕ್ಕೆ ಬಸ್ಸಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ, ಶಾಸ್ತ್ರಕ್ಕೆ ಮುಂಚೆ ಗುಟ್ಟಾಗಿ ಚೀಲ ಬಿಚ್ಚಿ ನಟ್ಟು ಆರಿಸಿಕೊಳ್ಳುವುದೆಂದು ಗಂಡ ಹೆಂಡಿರು ಹೊಂಚು ಹಾಕಿದರು. ಆದರೆ ಬಸ್ಸು ದಾರಿಯಲ್ಲಿ ಎರಡು ಸಲ ಕೆಟ್ಟು ನಿಂತಿತು. ಬಿಸಿಲಲ್ಲಿ ನಿಂತು ಪರಮಶಿವಪ್ಪನವರು ಬಸ್ಸಿನ ಡ್ರೈವರನಿಗೆ ಟೈರು ಬದಲಾಯಿಸುವ ವಿಷಯ ಹೇಳಲು ಬಾಯಿ ತೆರೆದರು. ನೀಲಾಂಬಿಕ ನೋಡಿದ ನೋಟಕ್ಕೆ ಮುಚ್ಚಿದರು.

ಅತ್ತೆಯ ಮನೆ ತಲುಪಿದಾಗ ತಾಂಬೂಲ ಬದಲಾಗಿ ಹೋಗಿತ್ತು! ಕೆಂಪು ಚೀಲ ಬೀಗರ ಮುಂದೆ ಹರಿವಾಣದಲ್ಲಿ ಕೂತಿತ್ತು. ಕಾರಿನ ದಾರಿ ಕಾದು ಕಾದು ಎತ್ತಿನ ಗಾಡಿಯಲ್ಲಿ ಬಂದಿದ್ದ ಉಜ್ಜಪ್ಪನವರು, ಗೋಡೆಗೊರಗಿ ಮಂಡಿ ನೀವಿಕೊಳ್ಳುತ್ತಾ, ಚೀಲದಿಂದ ಒಂದು ಅಡಿಕೆ ತೆಗೆದು ಕುಟ್ಟಾಣಿಗೆ ಹಾಕಿಕೊಂಡರು. ಹಲ್ಲಿಲ್ಲದವರು, ಕಣ್ಣೂ ಮಂಜು. ಕುಟ್ಟತೊಡಗಿದರು.

ಠಣ್! ಠಣ್! ಠಣ್!

ಸಭೆ ತಿರುಗಿ ನೋಡಿತು. ಅಜ್ಜ ಸೋಲಲಿಲ್ಲ. ಠಣ್! ಠಣ್!

"ಇದೆಂತ ಅಡಿಕೆ ಮಾರಾಯ್ರೆ? ಯಾವೂರಿಂದು?"

ವರದಮ್ಮನವರು ಹೆಮ್ಮೆಯಿಂದ, "ಶಿಕಾರಿಪುರದ್ದು. ದೊಡ್ಡ ಅಳಿಯಂದಿರೇ ಕಳಿಸಿದ್ದು" ಎಂದರು.

ಉಜ್ಜಪ್ಪನವರು ಕುಟ್ಟಾಣಿಯನ್ನು ಅಂಗೈಗೆ ಬೋರಲು ಹಾಕಿದರು. ಹೊಳೆಯುವ ನಟ್ಟು! ಹೆಂಗಸರ ಕಡೆಯಿಂದ "ಶಿವ ಶಿವಾ, ಶುಭಕಾರ್ಯದಲ್ಲಿ ಕಬ್ಬಿಣ!" ಎಂಬ ಉದ್ಗಾರ ಬಂತು. ಮದುಮಗಳು ಕಂಬದ ಹಿಂದೆ ಬಿಕ್ಕತೊಡಗಿದಳು. ಆ ಬಿಕ್ಕು ಪರಮಶಿವಪ್ಪನವರ ಕಿವಿಗೆ ಬಿತ್ತು. ಈ ಸಂಬಂಧ ಮುರಿದರೆ ಆ ಪಾಪ ತನ್ನ ತಲೆಗೇ! ಹೊಸ್ತಿಲಲ್ಲೇ ಕೈಮುಗಿದು, ಕರಪತ್ರದಿಂದ ಬಟ್ಟಲಿನವರೆಗೆ ಎಲ್ಲ ಒಪ್ಪಿಸಿದರು. "ತಪ್ಪು ನಂದು ಅಜ್ಜಾರೇ. ಹುಡುಗಿದೇನೂ ಇಲ್ಲ. ಬೈಯೋದಿದ್ರೆ ನನ್ನ ಬೈರಿ."

ಅಜ್ಜ ನಟ್ಟನ್ನು ಕಣ್ಣ ಬಳಿ ತಂದು ತಿರುಗಿಸಿ ತಿರುಗಿಸಿ ನೋಡಿದರು. ಬೊಚ್ಚುಬಾಯಿ ಅಗಲವಾಯಿತು. "ಅಪಶಕುನ ಎಂತದು? ನೀವು ಕೊಟ್ಟದ್ದು ನಟ್ಟು. ನಟ್ಟು ಬಿಗಿ ಮಾಡೋದಕ್ಕೆ ಇರೋದು. ಸಂಬಂಧ ಬಿಗಿಯಾಯ್ತು ಬಿಡಿ!"

ಸಭೆಗೆ ಸಭೆಯೇ ನಕ್ಕಿತು. ಮದುಮಗಳೂ ನಕ್ಕಳು. ಪರಮಶಿವಪ್ಪನವರು ಹೋದ ಜೀವ ಬಂದಂತಾಗಿ, ನಗುನಗುತ್ತಾ ಹರಿವಾಣದ ಕಡೆ ಕೈ ಚಾಚಿದರು. "ಹಂಗಾದ್ರೆ ಅವನ್ನ ಆರಿಸಿಕೊಂಡು..."

ಅಜ್ಜ ಚೀಲ ಎಳೆದುಕೊಂಡರು. "ಎಲ್ಲಾದ್ರೂ ಉಂಟಾ? ಬದಲಾಯಿಸಿದ ತಾಂಬೂಲ ವಾಪಸ್ ಕೊಟ್ರೆ ಸಂಬಂಧ ಮುರಿದ ಲೆಕ್ಕ! ವೈಶಾಖದಲ್ಲಿ ಮದುವೆ ಆಗ್ಲಿ. ಮದುಮಕ್ಕಳು ನಿಮ್ಮನೆಗೆ ಊಟಕ್ಕೆ ಬರ್ತಾರಲ್ಲ, ಮಡಿಲಿಗೆ ಹಾಕಿ ಕಳಿಸ್ತೀನಿ."

ವೈಶಾಖಕ್ಕೆ ಇನ್ನೂ ಮೂರು ತಿಂಗಳು! ಅಜಮತ್ ಸಾಹೇಬರು ತಮ್ಮ ಡಬ್ಬಿಯ ನಟ್ಟುಗಳನ್ನೆಲ್ಲ ಹಾಕಿ ನೋಡಿದರು, ಒಂದೂ ಕೂರಲಿಲ್ಲ. "ಅದು ಸೀಮೆ ಕಾರು ಸಾವ್ಕಾರ್ರೇ, ಇದರ ನಟ್ಟು ಈ ಸುತ್ತಿನಾಗೆ ಎಲ್ಲೂ ಸಿಗಲ್ಲ" ಎಂದು ಕೈಚೆಲ್ಲಿದರು. ಕಾರು ಕಲ್ಲು, ಬಾನಿ, ದಿಮ್ಮಿ, ಒರಳುಗಳ ಮೇಲೆ ತಪಸ್ಸಿಗೆ ಕೂತಿತು. ಎಮ್ಮೆ ಬಕೆಟ್ಟಿನಲ್ಲಿ ನೀರು ಕುಡಿಯುವುದನ್ನು ಕಲಿತಿತು. ನೀಲಾಂಬಿಕ ದೋಸೆಗೆ ರುಬ್ಬಲು ಅಕ್ಕಿ ಹೊತ್ತು ಪಕ್ಕದ ಮನೆಗೆ ಹೋಗತೊಡಗಿದಳು.

ಚೈತ್ರದ ಒಂದು ಬೆಳಿಗ್ಗೆ ರುಬ್ಬಿದ ಹಿಟ್ಟು ಹೊತ್ತುಕೊಂಡು ಬಂದವಳು, ಗೋಡೆಗೆ ಒರಗಿಸಿದ್ದ ಟೈರುಗಳ ಧೂಳು ಒರೆಸುತ್ತಾ ಕೂತ ಗಂಡನನ್ನು ನೋಡಿ ನಿಂತಳು.

"ರೀ, ಆ ಕರಪತ್ರದೋರಿಗೆ ಒಂದು ಕಾಗದ ಬರೀರಿ."

"ಏನಂತ?"

"ಟೈರು ಬದಲಾಯಿಸಿದ್ರೆ ಸಮನಾಗಿ ಸವೀತಾವೆ, ಅಷ್ಟೇ. ತಾಂಬೂಲ ಬದಲಾಯಿಸಿದ್ರೆ ಟೈರು ಸವೆಯೋದೇ ಇಲ್ಲ ಅಂತ!"